ಜೀಪಿಗೆ ಟೈರು ಕೊಳ್ಳುವ ಮುನ್ನ

ಟೈರಿನ ಮಾತು ಗಂಡಸರದು ಎಂದು ಸುಮ್ಮನಿರಬೇಡಿ, ಅಕ್ಕಂದಿರೇ. ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂರುವವರು ನಾವೇ ತಾನೆ? ಹೋದ ಮಳೆಗಾಲದಲ್ಲಿ ಸಂಡೂರಿನ ಕುಮಾರಸ್ವಾಮಿ ಬೆಟ್ಟದ ಹತ್ತಿರ ಕೆಂಪು ಕೆಸರಿನಲ್ಲಿ ನಮ್ಮ ಜೀಪು ಜಾರಿದಾಗ ಜೀವ ಬಾಯಿಗೆ ಬಂದಿತ್ತು. ನಾಲ್ಕೂ ಚಕ್ರ ಎಳೆದರೇನು, ಟೈರೇ ಬೋಳಾಗಿತ್ತು!

ಹೊಸಪೇಟೆಯಲ್ಲಿ ಯಾರಾದರೂ "ಅಗ್ಗದ ವಿಂಟರ್ ಟೈರು" ಎಂದರೆ ಬೇಡವೆನ್ನಿ. ಅದರ ಮೆತ್ತನೆಯ ರಬ್ಬರು ಹಿಮಕ್ಕೆ, 7 ಡಿಗ್ರಿಗೂ ಕೆಳಗಿನ ಚಳಿಗೆ ಮಾಡಿದ್ದು. ನಮ್ಮ ಬಿಸಿಲಿಗೆ ಬೇಗ ಸವೆದುಹೋಗುತ್ತೆ. ಹಂಪಿ, ಕಂಪ್ಲಿ ಎಂದು ಡಾಂಬರು ರಸ್ತೆಯಲ್ಲೇ ಓಡಾಟವಾದರೆ ಸಾದಾ ಟೈರು ಸಾಕು. ಗುಡ್ಡ, ಗದ್ದೆಯ ದಾರಿ ಮೇಲಿಂದ ಮೇಲೆ ಹಿಡಿಯುವವರಿಗೆ ಆಲ್-ಟೆರೇನ್ ಒಳ್ಳೆಯದು; ಸದ್ದು, ಡೀಸೆಲ್ ಖರ್ಚು ಮಾತ್ರ ಕೊಂಚ ಹೆಚ್ಚು.

ಕೊಳ್ಳುವಾಗ ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿ ಓದಿ. 2325 ಎಂದರೆ 2025ರ 23ನೇ ವಾರದ ಮಾಲು. ಹಪ್ಪಳದ ಪೊಟ್ಟಣದ ತಾರೀಖು ನೋಡುವ ಕಣ್ಣಿಗೆ ಇದೇನು ಕಷ್ಟ? ಹಳೆಯ ಟೈರಿನ ಗೀರುಗಳ ಆಳ 1.6 ಮಿಲಿಮೀಟರಿಗೆ ಇಳಿಯುವ ತನಕ ಕಾಯದೆ, ಮಳೆಗೆ ಮೊದಲೇ ಬದಲಿಸಿ. ಗಾಳಿಯನ್ನು ಟೈರು ತಣ್ಣಗಿರುವಾಗಲೇ ನೋಡಿಸಿ.

ದೀಪಾವಳಿಗೆ ನಾನು ಸೀರೆ ಬೇಡವೆಂದೆ, ಟೈರು ಬಂತು. ಈಗ ಬೆಟ್ಟದ ದಾರಿಯಲ್ಲಿ ಮಕ್ಕಳ ಜೊತೆ ನಾನೂ ಒಂದಿಷ್ಟು ಕಣ್ಣು ಮುಚ್ತೀನಿ.