ಅಡ್ಡಹೆಸರು ಎಂಬ ಆಸ್ತಿ

ನಮ್ಮ ಜಹೀರಾಬಾದ್, ನಾರಾಯಣಖೇಡಗಳ ಹಾಜರಿ ಪಟ್ಟಿಗಳಲ್ಲಿ ಹಿರೇಮಠ 'ಎಚ್.' ಆಗಿದ್ದಾನೆ, ಬಿರಾದಾರ 'ಬಿ.' ಆಗಿದ್ದಾನೆ. ತೆಲುಗಿನಲ್ಲಿ 'ಇಂಟಿ ಪೇರು' ಮೊದಲು ಬರುತ್ತದೆ, ಬಹುಮಟ್ಟಿಗೆ ಒಂದಕ್ಷರವಾಗಿ ನಿಲ್ಲುತ್ತದೆ. ಅದು ಅವರ ಪದ್ಧತಿ, ಅದರಲ್ಲಿ ದೋಷವಿಲ್ಲ. ಆದರೆ 1956ರವರೆಗೆ ಈ ಎರಡು ತಾಲೂಕುಗಳು ಬೀದರ ಜಿಲ್ಲೆಯಲ್ಲಿಯೂ ತಾಂಡೂರು ಕಲಬುರ್ಗಿ ಜಿಲ್ಲೆಯಲ್ಲಿಯೂ ಇದ್ದವು. ಇಲ್ಲಿಯ ಮನೆತನಗಳ ಹೆಸರುಗಳು ಆ ನೆನಪನ್ನು ಇನ್ನೂ ಹೊತ್ತಿವೆ.

ಮರಾಠಿಯ 'ಆಡನಾವ', ಕನ್ನಡದ 'ಅಡ್ಡಹೆಸರು' ಎರಡೂ ಒಂದೇ ಎರಕದ ಮಾತುಗಳು. ಬಾಲ್ಯದಲ್ಲಿ ಎರಡೂ ಭಾಷೆಗಳಲ್ಲಿ ಪಾಠ ಓದಿದ ನನಗೆ ಇದು ಬಹಳ ತಡವಾಗಿ ಹೊಳೆಯಿತು! ಊರಿನಿಂದ ಹೆಸರು ಕಟ್ಟುವಾಗ ಮಾತ್ರ ಇವು ಬೇರೆಯಾಗುತ್ತವೆ. ಮರಾಠಿ 'ಕರ' ಸೇರಿಸುತ್ತದೆ. ಕನ್ನಡ ಅನೇಕ ವೇಳೆ ಊರನ್ನೇ ಹಾಗೆಯೇ ಇಟ್ಟುಕೊಳ್ಳುತ್ತದೆ. ವಿ. ಕೃ. ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ, ಹೆಸರಿನಲ್ಲಿರುವುದು ಗೋಕಾಕ. 'ಕನ್ನಡ ನಾಮವಿಜ್ಞಾನ' ಬರೆದ ಎಂ. ಎಂ. ಕಲಬುರ್ಗಿಯವರ ಹೆಸರೂ ಒಂದು ಊರೇ.

ಅಮೆರಿಕದ ನೌಕಾಧಿಕಾರಿ ಜಾನ್ ಡಾಲ್‌ಗ್ರೆನ್ (1809–1870) ತಾನು ರೂಪಿಸಿದ ಫಿರಂಗಿಯಿಂದ ಪ್ರಸಿದ್ಧನು. ಅವನ ತಂದೆ ಸ್ವೀಡನ್ನಿನವನು. ಸ್ವೀಡಿಷ್ ಭಾಷೆಯಲ್ಲಿ 'ದಾಲ್' ಎಂದರೆ ಕಣಿವೆ, 'ಗ್ರೆನ್' ಎಂದರೆ ಕೊಂಬೆ. ಆ ತೋಪು ಹಾರಿಸಿದ ನಾವಿಕರಿಗೆ ಕಣಿವೆಯೂ ಕೇಳಿಸಿರಲಾರದು, ಕೊಂಬೆಯೂ ಕೇಳಿಸಿರಲಾರದು. ಆದರೂ ಹೆಸರು ಇಡಿಯಾಗಿ ಉಳಿಯಿತು. ವರ್ಜೀನಿಯಾದಲ್ಲಿ ಒಂದು ಊರಿಗೇ ಆ ಹೆಸರಾಯಿತು. ಇಡಿಯಾಗಿ ಉಳಿದುದರಿಂದಲೇ ಇಂದು ಅದರ ಅರ್ಥವನ್ನು ಬಿಡಿಸಬಹುದು. 'ಡಿ.' ಎಂದಷ್ಟೇ ಉಳಿದಿದ್ದರೆ ಬಿಡಿಸಲು ಏನಿತ್ತು?

ಅಡ್ಡಹೆಸರು ಜಾತಿಯನ್ನು ಸಾರುತ್ತದೆಂದು ಅದನ್ನು ತೊರೆದವರಿದ್ದಾರೆ. ಅವರ ಬಗ್ಗೆ ನನಗೆ ಗೌರವವಿದೆ; ಪಾಟೀಲ, ದೇಶಮುಖ, ಕುಲಕರ್ಣಿಗಳಲ್ಲಿ ಹಳೆಯ ಅಧಿಕಾರದ ಗತ್ತು ಇರುವುದೂ ನಿಜ. ಆದರೆ ತಿಳಿದು ತೊರೆಯುವುದು ಬೇರೆ, ಅರ್ಜಿಯ ಕಿರಿದಾದ ಚೌಕಕ್ಕಾಗಿ ಕಳೆದುಕೊಳ್ಳುವುದು ಬೇರೆ. ಐಚ್ಛಿಕ ಕನ್ನಡದ ವಿದ್ಯಾರ್ಥಿಗೆ ಹೆಸರೂ ಒಂದು ಪಠ್ಯ. ಶಾಸನದ ಸವೆದ ಅಕ್ಷರವನ್ನು ತಿಣುಕಿ ಓದುವ ನಾವು ನಮ್ಮದೇ ಹೆಸರನ್ನು ನಾವಾಗಿಯೇ ಸವೆಸುವುದು ವಿಚಿತ್ರ.

ಈ ವರ್ಷದ ಕಿರುಪ್ರಬಂಧಕ್ಕೆ ನೀವು ದೂರದ ವಿಷಯ ಹುಡುಕಬೇಡಿರಿ. ನಿಮ್ಮ ಓಣಿಯ ಹಿರಿಯರ ಬಳಿ ಕುಳಿತು ಇಪ್ಪತ್ತು ಮನೆಗಳ ಅಡ್ಡಹೆಸರನ್ನು ಅವರ ಬಾಯಲ್ಲಿ ಬಂದಂತೆಯೇ ಬರೆದುಕೊಳ್ಳಿರಿ, ಅವರು ಹೇಳುವ ಕಥೆಯ ಸಮೇತ. ಕಥೆ ಸುಳ್ಳೆನಿಸಿದರೂ ಬರೆಯಿರಿ. ಜನ ತಮ್ಮ ಹೆಸರನ್ನು ಹೇಗೆ ಅರ್ಥಮಾಡಿಕೊಂಡರೆಂಬುದು ಅದರಲ್ಲಿರುತ್ತದೆ. ಮೊದಲ ಹಾಳೆಯಲ್ಲಿ ನಿಮ್ಮ ಹೆಸರು ಪೂರ್ತಿಯಾಗಿರಲಿ.