ಪಟ್ಟಿ ಬರುವವರೆಗೆ



ಈ ಸಂಚಿಕೆಯಲ್ಲೂ ನಾನು ವರದಕ್ಷಿಣೆಯ ಬಗ್ಗೆಯೇ ಬರೆಯುತ್ತಿದ್ದೇನೆ. ಮದುವೆ ಮಂಟಪ, ಪೊಲೀಸ್ ಠಾಣೆ, ಆಸ್ಪತ್ರೆಯ ಸುಟ್ಟಗಾಯದ ವಾರ್ಡು, ಇವುಗಳ ಬಗ್ಗೆ ನಾವು ಸಾಕಷ್ಟು ಮಾತನಾಡಿದ್ದೇವೆ. ಇವೆಲ್ಲಕ್ಕೂ ಮೊದಲು ಬರುವ, ಯಾರ ಲೆಕ್ಕಕ್ಕೂ ಸಿಗದ ಕೆಲವು ತಿಂಗಳುಗಳಿವೆ. ಮಗಳು ಪದವಿಯ ಕೊನೆಯ ಪರೀಕ್ಷೆ ಬರೆದು, ಮುಂದಿನ ಓದಿಗೆ ಅರ್ಜಿ ಹಾಕಿ, ಸೀಟು ಸಿಗುತ್ತದೋ ಇಲ್ಲವೋ ಎಂದು ಮನೆಯಲ್ಲಿ ಕಾಯುವ ತಿಂಗಳುಗಳು. ಅವಳ ಬದುಕು ಯಾವ ಕಡೆ ತಿರುಗುತ್ತದೆ ಎಂಬುದು ಎಷ್ಟೋ ಸಲ ಆ ತಿಂಗಳುಗಳಲ್ಲೇ ತೀರ್ಮಾನವಾಗಿಬಿಡುತ್ತದೆ.

ಶಿಡ್ಲಘಟ್ಟ ತಾಲ್ಲೂಕಿನ ನಮ್ಮ ಸಾದಲಿ ಹೋಬಳಿಯಿಂದ ಶಿಡ್ಲಘಟ್ಟಕ್ಕೆ, ಚಿಂತಾಮಣಿಗೆ, ಚಿಕ್ಕಬಳ್ಳಾಪುರಕ್ಕೆ ಬಸ್ಸಿನಲ್ಲಿ ಹೋಗಿ ಪದವಿ ಮುಗಿಸುವ ಹೆಣ್ಣುಮಕ್ಕಳು ಈಗ ಇದ್ದಾರೆ. ಸಂಘದ ಸಭೆಗಳಿಗೆ ಹೋದಾಗ ಅವರಲ್ಲಿ ಕೆಲವರು ನನ್ನ ಹತ್ತಿರ ಬಂದು ಕೂರುತ್ತಾರೆ. "ಅಕ್ಕಾ, ಎಂ.ಎಸ್.ಡಬ್ಲ್ಯು. ಮಾಡಬೇಕು ಅಂತಿದ್ದೀನಿ" ಎನ್ನುತ್ತಾರೆ. ಈ ಆಸೆ ಅವರಿಗೆ ಎಲ್ಲಿಂದ ಬಂತೆಂದು ಹುಡುಕಲು ದೂರ ಹೋಗಬೇಕಿಲ್ಲ. 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂದ ಮೇಲೆ ಹುಟ್ಟಿದ ಮಕ್ಕಳು ಇವರು. ತಾಯಿ ಸಂಘದ ಪುಸ್ತಕ ಬರೆಯುವುದನ್ನು, ಬ್ಯಾಂಕಿನಲ್ಲಿ ಮ್ಯಾನೇಜರರ ಎದುರು ಕೂತು ಮಾತನಾಡುವುದನ್ನು, ಹೊಡೆತ ತಿಂದು ಬಂದ ಪಕ್ಕದ ಮನೆಯವಳನ್ನು ಒಳಗೆ ಕರೆದು ನೀರು ಕೊಡುವುದನ್ನು ನೋಡಿ ಬೆಳೆದವರು. ತಾಯಿ ಅನುಭವದಿಂದ ಮಾಡಿದ್ದನ್ನು ತಾವು ಕಲಿತು ಮಾಡಬೇಕೆಂಬ ಆಸೆ ಅವರದು.

"ಸಮಾಜ ಸೇವೆ ಮಾಡೋಕೆ ಎರಡು ವರ್ಷ ಓದಬೇಕೇನಮ್ಮ?" ಎಂದು ಸಭೆಯೊಂದರಲ್ಲಿ ಹಿರಿಯಕ್ಕ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ನಮ್ಮ ದೇಶದಲ್ಲಿ ಇದನ್ನು ಒಂದು ವಿದ್ಯೆಯಾಗಿ ಕಲಿಸುವ ಮೊದಲ ಶಾಲೆ 1936ರಲ್ಲಿ ಮುಂಬಯಿಯಲ್ಲಿ ಆರಂಭವಾಯಿತು. ಇಂದು ಅದನ್ನು ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಎನ್ನುತ್ತೇವೆ. ಕರ್ನಾಟಕದಲ್ಲಿ ಕ್ರೈಸ್ತ ಸನ್ಯಾಸಿನಿಯರ ಸಭೆಯೊಂದು 1960ರಲ್ಲಿ ಮಂಗಳೂರಿನಲ್ಲಿ ರೋಶನಿ ನಿಲಯ ಎಂಬ ಸಮಾಜಕಾರ್ಯ ಕಾಲೇಜನ್ನು ತೆರೆಯಿತು. ಈಗ ರಾಜ್ಯದ ಹಲವು ವಿಶ್ವವಿದ್ಯಾಲಯಗಳಲ್ಲಿ ಈ ಓದು ಇದೆ. ಪುಸ್ತಕದ ಪಾಠದ ಜೊತೆಗೆ ಕ್ಷೇತ್ರಕಾರ್ಯ ಇದರ ಮುಖ್ಯ ಭಾಗ. ಆಸ್ಪತ್ರೆ, ಕೊಳೆಗೇರಿ, ನ್ಯಾಯಾಲಯ, ಹಳ್ಳಿಗಳಿಗೆ ಹೋಗಿ ಕೆಲಸ ಮಾಡುತ್ತಲೇ ಕಲಿಯಬೇಕು. ಅಳುವವಳ ಮಾತನ್ನು ಅಡ್ಡಬಾಯಿ ಹಾಕದೆ ಕೇಳುವುದು, ಕೇಳಿದ್ದನ್ನು ಗುಟ್ಟಾಗಿಡುವುದು, ಯಾವ ಕಾಗದ ಯಾವ ಕಚೇರಿಗೆ ಹೋಗಬೇಕೆಂದು ತಿಳಿಯುವುದು, ಇವೆಲ್ಲ ಕಲಿತು ಬರುವ ವಿದ್ಯೆಗಳೇ.

ಇಂಥವರು ನಮಗೆ ಏಕೆ ಬೇಕು? ಕಾನೂನನ್ನೇ ನೋಡಿ. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. 498ಎ ಎಂದು ನಾವೆಲ್ಲ ಬಾಯಿಪಾಠ ಮಾಡಿಕೊಂಡ ಕಲಂ 1983ರದು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ ಆಗಿದೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣೆಯ 2005ರ ಕಾಯ್ದೆ 2006ರ ಅಕ್ಟೋಬರ್ 26ರಂದು ಜಾರಿಗೆ ಬಂತು. ಅದರಂತೆ ಸಂರಕ್ಷಣಾಧಿಕಾರಿ ಕೌಟುಂಬಿಕ ಘಟನಾ ವರದಿ ಬರೆದು ನ್ಯಾಯಾಧೀಶರಿಗೆ ಕೊಡಬೇಕು. ಮೊದಲ ವಿಚಾರಣೆಯಿಂದ 60 ದಿನಗಳೊಳಗೆ ಅರ್ಜಿ ಇತ್ಯರ್ಥ ಮಾಡಲು ನ್ಯಾಯಾಲಯ ಪ್ರಯತ್ನಿಸಬೇಕು. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳು. ತಾಲ್ಲೂಕಿನ ಅಂಗನವಾಡಿಗಳ ಹೊಣೆಯೂ ಅವರ ತಲೆಯ ಮೇಲೆಯೇ ಇದೆ. ಅವರ ಜೊತೆಗೆ, ಸಾಂತ್ವನ ಕೇಂದ್ರದಲ್ಲಿ, ಸಖಿ ಕೇಂದ್ರದಲ್ಲಿ, ನೊಂದವಳ ಮಾತನ್ನು ಕೇಳಿ ಸರಿಯಾಗಿ ಬರೆಯುವ ಒಂದು ಕೈ ಬೇಕು. "ಗಂಡ ಹೊಡೆಯುತ್ತಾನೆ" ಎಂಬ ಒಂದು ಸಾಲಿಗೂ, ಯಾವ ದಿನ, ಯಾವುದರಿಂದ, ಯಾರ ಎದುರು, ಏನು ಕೇಳಿ ಹೊಡೆದ ಎಂಬ ವರದಿಗೂ ನ್ಯಾಯಾಲಯದಲ್ಲಿ ಇರುವ ವ್ಯತ್ಯಾಸವನ್ನು ಅಲೆದು ಸುಸ್ತಾದ ಹೆಂಗಸರೇ ಹೇಳುತ್ತಾರೆ.

ಮುಂಬಯಿಯಲ್ಲಿ 1984ರಲ್ಲಿ ಟಾಟಾ ಸಂಸ್ಥೆಯು ಪೊಲೀಸ್ ಆಯುಕ್ತರ ಕಚೇರಿಯೊಳಗೇ ಮಹಿಳೆಯರು ಮತ್ತು ಮಕ್ಕಳಿಗಾಗಿ ವಿಶೇಷ ಘಟಕವೊಂದನ್ನು ತೆರೆದು, ತರಬೇತಿ ಪಡೆದ ಸಮಾಜ ಕಾರ್ಯಕರ್ತೆಯರನ್ನು ಅಲ್ಲಿ ಕೂರಿಸಿತು. "ರಾಜಿ ಮಾಡ್ಕೊಂಡು ಹೋಗಮ್ಮ" ಎಂದು ಸಾಗಹಾಕುವ ಜಾಗದಲ್ಲಿ "ನಿನಗೆ ಏನು ಬೇಕು?" ಎಂದು ಕೇಳುವವಳೊಬ್ಬಳು ಇದ್ದರೆ ಎಷ್ಟು ಬದಲಾಗುತ್ತದೆ ಎಂದು ಯೋಚಿಸಿ. ಆ ಕುರ್ಚಿಯಲ್ಲಿ ನಮ್ಮ ಹೋಬಳಿಯ, ನಮ್ಮ ಕನ್ನಡ, ತೆಲುಗು ಎರಡೂ ಬಲ್ಲ ಹುಡುಗಿ ಕೂತರೆ?

ಆ ಕುರ್ಚಿಯವರೆಗೆ ಹೋಗುವ ದಾರಿಯಲ್ಲಿ ಕಾಯುವ ಕಾಲವೊಂದು ಅಡ್ಡ ಇದೆ. ಟಾಟಾ ಸಂಸ್ಥೆಗೆ ಸೇರಬೇಕಾದರೆ ಸಿ.ಯು.ಇ.ಟಿ. ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಪದವಿಯ ಕೊನೆಯ ವರ್ಷದಲ್ಲಿ ಇರುವಾಗಲೇ ಅರ್ಜಿ ಹಾಕಬೇಕು. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳದು ಬೇರೆ ದಾರಿ. ಮೊದಲು ಪ್ರಕಟಣೆ, ಆಮೇಲೆ ಅರ್ಜಿ, ಕೆಲವೆಡೆ ಪರೀಕ್ಷೆ, ನಂತರ ಮೆರಿಟ್ ಪಟ್ಟಿ, ದಾಖಲೆ ಪರಿಶೀಲನೆ, ಕೌನ್ಸೆಲಿಂಗ್, ಒಂದನೇ ಸುತ್ತು, ಎರಡನೇ ಸುತ್ತು. ಪದವಿಯ ಫಲಿತಾಂಶ ತಡವಾದರೆ ಎಲ್ಲವೂ ತಡ. ಇಷ್ಟೂ ದಿನ ಹುಡುಗಿ ಮನೆಯಲ್ಲಿರುತ್ತಾಳೆ. ಕಾಲೇಜಿಲ್ಲ, ಕೆಲಸವಿಲ್ಲ. ನೋಡುವವರ ಕಣ್ಣಿಗೆ ಅವಳು "ಸುಮ್ಮನೆ ಇದ್ದಾಳೆ".

ನಮ್ಮ ಕಡೆ ಹೆಣ್ಣು ಸುಮ್ಮನೆ ಇದ್ದಾಳೆ ಎಂದರೆ ಅರ್ಥ ಒಂದೇ: ಗಂಡು ನೋಡಬಹುದು. ಮೊದಲ ತಿಂಗಳು ದೊಡ್ಡಮ್ಮ ಒಂದು ಮಾತು ತರುತ್ತಾಳೆ. ಎರಡನೇ ತಿಂಗಳು ಫೋಟೋ ಕೇಳುತ್ತಾರೆ. "ನೋಡಿಕೊಂಡು ಹೋಗಲಿ, ನೋಡಿದ್ದಕ್ಕೆ ಮದುವೆ ಆದಹಾಗಾ?" ಎನ್ನುತ್ತಾರೆ. ವಿಶ್ವವಿದ್ಯಾಲಯದ ಪಟ್ಟಿ ಬರುವ ಮೊದಲೇ ಬೀಗರ ಪಟ್ಟಿ ಬಂದಿರುತ್ತದೆ: ಇಷ್ಟು ಗ್ರಾಂ ಚಿನ್ನ, ಒಂದು ಬೈಕು, ಛತ್ರದ ಖರ್ಚು. ಮಗಳು ಪದವಿ ಓದಿದ್ದಾಳೆ, ಅದಕ್ಕೆ ತಕ್ಕ ಓದಿದ ಗಂಡು ಬೇಕು, ಓದಿದ ಗಂಡಿಗೆ ಬೆಲೆ ಹೆಚ್ಚು. ಹೀಗೆ ಅವಳ ಓದೇ ಅವಳ ಮೇಲಿನ ಸಾಲವಾಗಿ ತಿರುಗುತ್ತದೆ. ವರದಕ್ಷಿಣೆ ಕೊಡುವುದಕ್ಕೂ ತೆಗೆದುಕೊಳ್ಳುವುದಕ್ಕೂ ಕಾಯ್ದೆಯಲ್ಲಿ 5 ವರ್ಷಕ್ಕೆ ಕಡಿಮೆ ಇಲ್ಲದ ಜೈಲು, ದಂಡ ಇದೆ ಎಂದು ಆಗ ಯಾರಿಗೂ ನೆನಪಾಗುವುದಿಲ್ಲ.

ಇಲ್ಲಿ ನಮ್ಮ ಸಂಘಗಳ ಪಾತ್ರವನ್ನೂ ಕೇಳಿಕೊಳ್ಳಬೇಕು. ನಿಮ್ಮ ಸಂಘದ ಸಾಲದ ಪುಸ್ತಕ ತೆಗೆದು, ಸಾಲದ ಉದ್ದೇಶ ಎಂಬ ಕಾಲಂ ಓದಿ. ಹಸು, ಹಿಪ್ಪುನೇರಳೆ ತೋಟ, ಆಸ್ಪತ್ರೆ, ಮನೆ ರಿಪೇರಿ, ಮದುವೆ. ಮಗಳ ಅರ್ಜಿ ಶುಲ್ಕ, ಮಗಳ ಹಾಸ್ಟೆಲ್ ಮುಂಗಡ ಎಂದು ಎಷ್ಟು ಸಲ ಬರೆದಿದೆ? ಮದುವೆಗೆ ಸಾಲ ಕೇಳಿದರೆ ಎಲ್ಲರೂ ತಲೆಯಾಡಿಸುತ್ತೇವೆ. ಅದೇ ತಾಯಿ ಎಂ.ಎಸ್.ಡಬ್ಲ್ಯು. ಅರ್ಜಿಗೆ ದುಡ್ಡು ಕೇಳಿದರೆ "ಸೀಟು ಸಿಕ್ಕಿದ ಮೇಲೆ ನೋಡೋಣ" ಎನ್ನುತ್ತೇವೆ. ಒಂದು ಅರ್ಜಿಗೆ ಬೇಕಾಗುವ ಹಣ ಮದುವೆಯ ಶಾಮಿಯಾನದ ಬಾಡಿಗೆಯಷ್ಟೂ ಇರುವುದಿಲ್ಲ. ಮದುವೆಯ ಸಾಲವೋ ಹಲವು ವರ್ಷ ಕುತ್ತಿಗೆಗೆ ಬಿದ್ದಿರುತ್ತದೆ. ಮಗಳು ಏಟು ತಿಂದು ತವರಿಗೆ ಬಂದಾಗಲೂ ಅದರ ಕಂತು ಕಟ್ಟುತ್ತಲೇ ಇರುತ್ತೇವೆ.

ಹುಳು ಸಾಕುವ ನಮಗೆ ಕಾಯುವುದು ಗೊತ್ತಿಲ್ಲದ ವಿಷಯವಲ್ಲ. ಚಾಕಿಯಿಂದ ಗೂಡಿನವರೆಗೆ ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಆಗ ಸೊಪ್ಪು ತಿನ್ನುವುದಿಲ್ಲ, ಅಲ್ಲಾಡುವುದಿಲ್ಲ, ತಲೆಯೆತ್ತಿಕೊಂಡು ಹಾಗೇ ಇರುತ್ತದೆ. ತಿನ್ನುತ್ತಿಲ್ಲವೆಂದು ಯಾರಾದರೂ ತಟ್ಟೆ ಎತ್ತಿ ತಿಪ್ಪೆಗೆ ಸುರಿಯುತ್ತಾರೆಯೇ? ಹಾಸಿಗೆ ಒಣಗಿಸಿ, ಸುಣ್ಣದ ಪುಡಿ ಎರಚಿ, ಮುಟ್ಟದೆ ಬಿಡುತ್ತೇವೆ. ಪೊರೆ ಬಿಟ್ಟು ಎದ್ದ ಮೇಲೆ ಹುಳು ಮೊದಲಿಗಿಂತ ದೊಡ್ಡದಾಗಿರುತ್ತದೆ ಎಂದು ನಮಗೆ ಗೊತ್ತು. ಹುಳುವಿಗೆ ಕೊಡುವ ಈ ಅವಕಾಶವನ್ನು ಮಗಳಿಗೆ ಏಕೆ ಕೊಡಬಾರದು?

ಕಾಯುತ್ತಿರುವ ಹುಡುಗಿಯರಿಗೆ ಕೆಲವು ಮಾತು ಹೇಳಬೇಕು. ಒಂದೇ ಕಡೆ ಅರ್ಜಿ ಹಾಕಿ ದೇವರ ಮೇಲೆ ಭಾರ ಹಾಕಬೇಡಿ. ದೂರದ ಒಂದು ಸಂಸ್ಥೆ, ಹತ್ತಿರದ ಒಂದೆರಡು ವಿಶ್ವವಿದ್ಯಾಲಯ ಇರಲಿ. ಹೆಣ್ಣುಮಕ್ಕಳಿಗೆಂದೇ 2003ರಲ್ಲಿ ವಿಜಯಪುರದಲ್ಲಿ ಆರಂಭವಾದ, ಈಗ ಅಕ್ಕಮಹಾದೇವಿಯ ಹೆಸರಿನ ಮಹಿಳಾ ವಿಶ್ವವಿದ್ಯಾಲಯದಲ್ಲೂ ಸಮಾಜಕಾರ್ಯದ ಓದು ಇದೆ. ಎಲ್ಲೂ ಆಗದಿದ್ದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಮೂಲಕ ಮನೆಯಲ್ಲಿದ್ದುಕೊಂಡೇ ಓದಬಹುದು. ಅಲ್ಲೂ ಕ್ಷೇತ್ರಕಾರ್ಯ ತಪ್ಪದು. ಯಾವ ವಿಷಯದ ಪದವಿ ಬೇಕು, ಎಷ್ಟು ಅಂಕ ಬೇಕು ಎಂಬುದು ಒಂದೊಂದು ಕಡೆ ಒಂದೊಂದು ರೀತಿ. ಆದ್ದರಿಂದ ಆ ವರ್ಷದ ಪ್ರಕಟಣೆಯನ್ನು ನೀವೇ ಪೂರ್ತಿ ಓದಿ.

ಅರ್ಜಿಯಲ್ಲಿ ನಿಮ್ಮದೇ ಮೊಬೈಲ್ ಸಂಖ್ಯೆ ಕೊಡಿ. ಅಣ್ಣನ ಫೋನಿಗೆ ಬಂದ ಸಂದೇಶವನ್ನು ಅಣ್ಣ ನೋಡದೆ, ಕೌನ್ಸೆಲಿಂಗ್ ದಿನ ಕಳೆದುಹೋಗಿ, ಪಟ್ಟಿಯಲ್ಲಿ ಹೆಸರಿದ್ದೂ ಸೀಟು ಕಳೆದುಕೊಳ್ಳುವ ಸ್ಥಿತಿ ಯಾವ ಹುಡುಗಿಗೂ ಬರಬಾರದು. ಅರ್ಜಿಯ ಪ್ರತಿ, ಹಣ ಕಟ್ಟಿದ ರಸೀದಿ, ಅಂಕಪಟ್ಟಿ, ವರ್ಗಾವಣೆ ಪತ್ರ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಎಲ್ಲವನ್ನೂ ಒಂದು ಚೀಲದಲ್ಲಿಟ್ಟುಕೊಳ್ಳಿ. ನಾಡಕಚೇರಿಯ ಕೆಲಸವನ್ನು ಪಟ್ಟಿ ಬರುವ ಮೊದಲೇ ಮುಗಿಸಿ. ಹಾಸ್ಟೆಲ್‌ಗೂ ವಿದ್ಯಾರ್ಥಿವೇತನಕ್ಕೂ ಅವೇ ಕಾಗದ ಬೇಕು. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ಟಿನ ದುಡ್ಡಿಲ್ಲ. ದಾಖಲೆ ಪರಿಶೀಲನೆಗೆ ಹೋಗಿಬರಲು ಅಪ್ಪನ ಜೇಬು ನೋಡಬೇಕಾಗಿಲ್ಲ.

ಕಾಯುವ ದಿನಗಳನ್ನು ಕೆಲಸಕ್ಕೆ ಹಚ್ಚಿ. ಸಂಘದ ಪುಸ್ತಕ ಬರೆದುಕೊಡಿ. ಅಂಗನವಾಡಿಗೆ, ಗ್ರಾಮಸಭೆಗೆ ಹೋಗಿ ಕೂತು ನೋಡಿ. ನೋಡಿದ್ದನ್ನು ದಿನಕ್ಕೆ ಒಂದು ಪುಟ ಬರೆದಿಡಿ. ಸಂದರ್ಶನದಲ್ಲಿ "ಸಮಾಜಕಾರ್ಯ ಏಕೆ?" ಎಂದು ಕೇಳಿದಾಗ ಗೈಡಿನ ಉತ್ತರಕ್ಕಿಂತ ಆ ಪುಟಗಳು ಹೆಚ್ಚು ಸಹಾಯಕ್ಕೆ ಬರುತ್ತವೆ. ಗಂಟೆಗೊಮ್ಮೆ ಫೋನು ತೆಗೆದು ನೋಡುವುದರಿಂದ ಪಟ್ಟಿ ಬೇಗ ಬರುವುದಿಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿದರೆ ಸಾಕು. ನಿದ್ದೆ ಬಾರದಷ್ಟು ಕಳವಳವಾದರೆ, ಬದುಕೇ ಬೇಡ ಎನಿಸಿದರೆ, ಒಬ್ಬರೇ ಕೂರಬೇಡಿ. 14416ಕ್ಕೆ ಕರೆ ಮಾಡಿದರೆ ಟೆಲಿ-ಮನಸ್‌ನವರು ಕನ್ನಡದಲ್ಲೇ ಮಾತನಾಡುತ್ತಾರೆ. ಮನೆಯಲ್ಲಿ ಹಿಂಸೆಯಿದ್ದರೆ 181 ಮಹಿಳಾ ಸಹಾಯವಾಣಿ ಇದೆ.

ತಾಯಂದಿರೇ, ಅಕ್ಕಂದಿರೇ, ನಿಮ್ಮನ್ನು ಮೂರು ಕೆಲಸ ಕೇಳುತ್ತೇನೆ. ಒಂದು, ಮುಂದಿನ ಸಭೆಯಲ್ಲಿ ಅರ್ಜಿ ಮತ್ತು ಪ್ರವೇಶ ಶುಲ್ಕಕ್ಕೆ ಆಂತರಿಕ ಸಾಲ ಕೊಡುವುದೆಂದು ನಿರ್ಣಯ ಬರೆಯಿರಿ; ಬಡ್ಡಿ ಮದುವೆ ಸಾಲಕ್ಕಿಂತ ಕಡಿಮೆ ಇರಲಿ. ಎರಡು, ನಿಮ್ಮ ಸಂಘದ ಯಾರ ಮಗಳು ಅರ್ಜಿ ಹಾಕಿದ್ದರೂ, ಕೊನೆಯ ಸುತ್ತಿನ ಪಟ್ಟಿ ಬರುವವರೆಗೆ ಆ ಮನೆಗೆ ಗಂಡಿನ ಮಾತು ಒಯ್ಯುವುದಿಲ್ಲವೆಂದು ಎಲ್ಲರೂ ಒಪ್ಪಿಕೊಳ್ಳಿ. ಒಬ್ಬ ತಾಯಿ ಒಂಟಿಯಾಗಿ ಗಂಡನ ಎದುರು, ಅತ್ತೆಯ ಎದುರು ನಿಲ್ಲಲಾರಳು. ಹದಿನೈದು ಹೆಂಗಸರು ಒಟ್ಟಾಗಿ "ಪಟ್ಟಿ ಬರಲಿ, ಆಮೇಲೆ ಮಾತಾಡೋಣ" ಎಂದರೆ ಆ ಮಾತಿಗೆ ತೂಕ ಬರುತ್ತದೆ. ಮೂರು, ಎದುರು ಸಿಕ್ಕಾಗಲೆಲ್ಲ "ಏನಾಯ್ತಮ್ಮ, ಬಂತಾ?" ಎಂದು ಹುಡುಗಿಯನ್ನು ಕೇಳುವುದನ್ನು ಬಿಡಿ. ಬಂದಾಗ ಅವಳೇ ಓಡಿಬಂದು ಹೇಳುತ್ತಾಳೆ.

ಪಟ್ಟಿಯಲ್ಲಿ ಹೆಸರು ಬರದೇ ಇರಬಹುದು. ಸೀಟುಗಳು ಕಡಿಮೆ, ಅರ್ಜಿಗಳು ಹೆಚ್ಚು. ಆ ದಿನವೇ ನಮಗೆ ನಿಜವಾದ ಪರೀಕ್ಷೆ. "ಆಯ್ತಲ್ಲ, ಇನ್ನು ಮದುವೆ" ಎಂಬ ಮಾತು ಆ ಸಂಜೆಯೇ ಹುಟ್ಟುತ್ತದೆ. ಸೀಟು ಸಿಗದಿದ್ದುದಕ್ಕೆ ಮದುವೆ ಶಿಕ್ಷೆಯಾಗಬಾರದು. ಮುಂದಿನ ವರ್ಷ ಮತ್ತೆ ಪ್ರಕಟಣೆ ಬರುತ್ತದೆ. ಅಲ್ಲಿಯವರೆಗೆ ಅವಳಿಗೊಂದು ಕೆಲಸ, ಒಂದಿಷ್ಟು ಸಂಪಾದನೆ, ಓದಲು ಒಂದು ಮೂಲೆ ಒದಗಿಸುವುದು ಸಂಘದ ಕೈಯಲ್ಲಿ ಆಗದ ಕೆಲಸವಲ್ಲ.

ನಿಮ್ಮ ಸಂಘದಲ್ಲಿ ಈ ನಿರ್ಣಯ ಆದರೆ ಅದರ ಒಂದು ಪ್ರತಿಯನ್ನು ಪತ್ರಿಕೆಗೆ ಕಳಿಸಿ. ಆಗದಿದ್ದರೆ ಯಾರು ಏನೆಂದು ಬೇಡವೆಂದರು ಎಂದೂ ಬರೆಯಿರಿ. ಅದನ್ನೂ ಅಚ್ಚು ಹಾಕಿ ಮುಂದಿನ ಸಂಚಿಕೆಯಲ್ಲಿ ಚರ್ಚಿಸೋಣ.