ಖಿನ್ನತೆಯು ಈಮಾನಿನ ಕೊರತೆಯಲ್ಲ

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ. ಸರಕಾರವು ಉಚಿತ ಎಆರ್‌ಟಿ ಔಷಧಿ ನೀಡಲಾರಂಭಿಸಿದ್ದು 2004ರ ಎಪ್ರಿಲ್‌ನಲ್ಲಿ. ಈ ನಡುವಣ ವರ್ಷಗಳಲ್ಲಿ ಬಡ ಸೋಂಕಿತರ ಪಾಲಿಗೆ ಅದು ಮರಣದ ತೀರ್ಪೇ ಆಗಿತ್ತು. ಇಂದು ಹಾಗಿಲ್ಲ. ಔಷಧಿಯನ್ನು ಬೇಗನೆ ಆರಂಭಿಸಿ ದಿನವೂ ತಪ್ಪದೆ ಸೇವಿಸುವವರು ದೀರ್ಘಕಾಲ ಬಾಳಬಲ್ಲರು. ರಕ್ತದಲ್ಲಿ ವೈರಾಣು ಪತ್ತೆಯಾಗದಷ್ಟು ತಗ್ಗಿ ಹಾಗೆಯೇ ಉಳಿದರೆ ದಾಂಪತ್ಯ ಸಂಬಂಧದಿಂದ ಸೋಂಕು ಹರಡದೆಂದು ವೈದ್ಯಶಾಸ್ತ್ರ ಸಾರುತ್ತಿದೆ. ಔಷಧಿ ಇಷ್ಟು ಮುಂದೆ ಸಾಗಿದೆ. ನಮ್ಮ ಮೊಹಲ್ಲಾಗಳ ನಾಲಿಗೆ ಮಾತ್ರ ನಿಂತಲ್ಲೇ ನಿಂತಿದೆ.

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳು ಎಲ್ಲರಿಗೂ ಎಲ್ಲರ ಪರಿಚಯವಿರುವ ಪೇಟೆಗಳು. ಆಸ್ಪತ್ರೆಯ ಯಾವ ಕೋಣೆಯ ಮುಂದೆ ಯಾರು ನಿಂತಿದ್ದರೆಂಬುದು ಮಗ್ರಿಬ್‌ಗೆ ಮುನ್ನ ಬೀದಿಗೆಲ್ಲ ತಿಳಿಯುತ್ತದೆ. ಈ ಭಯದಿಂದಲೇ ಸೋಂಕಿತರು ಗುಳಿಗೆಯ ಡಬ್ಬಿಯನ್ನು ಬಚ್ಚಿಡುತ್ತಾರೆ, ದೂರದೂರಿಗೆ ಅಲೆಯುತ್ತಾರೆ, ವಲೀಮಾದ ಊಟಕ್ಕೂ ಹಿಂಜರಿಯುತ್ತಾರೆ. ಪತಿಯಿಂದ ಸೋಂಕು ತಗಲಿದ ವಿಧವೆಯು ಅವನ ಮರಣದ ಅಪವಾದವನ್ನೂ ಹೊರಬೇಕಾಗುತ್ತದೆ. ಕ್ರಮೇಣ ನಿದ್ದೆ ದೂರವಾಗುತ್ತದೆ, ಊಟ ರುಚಿಸದು, ಬದುಕೇ ಬೇಡವೆನಿಸುತ್ತದೆ. ಇದು ಖಿನ್ನತೆ. ಮನಸ್ಸು ಕುಸಿದವರು ಗುಳಿಗೆ ತಪ್ಪಿಸುತ್ತಾರೆ. ಗುಳಿಗೆ ತಪ್ಪಿದರೆ ವೈರಾಣು ಮತ್ತೆ ಹೆಚ್ಚಿ ಔಷಧಿಗೂ ಬಗ್ಗದಂತಾಗಬಹುದು. ಹೀಗೆ ನಮ್ಮ ಪಿಸುಮಾತು ಒಂದು ಜೀವವನ್ನೇ ಬಲಿ ಪಡೆಯಬಲ್ಲುದು.

“ಈಮಾನ್ ಗಟ್ಟಿಯಿದ್ದರೆ ಇಷ್ಟು ಕುಗ್ಗುತ್ತಿದ್ದರೇ?” ಎಂದು ಕೇಳುವವರಿದ್ದಾರೆ. ಮದ್ರಸಾದ ಮಕ್ಕಳಿಗೆ ನಾವು ಪ್ರವಾದಿ ಯಅಕೂಬ್(ಅ)ರ ಚರಿತ್ರೆಯನ್ನು ಕಲಿಸುತ್ತೇವೆ. ಮಗನ ಅಗಲಿಕೆಯ ದುಃಖದಲ್ಲಿ ಅವರ ಕಣ್ಣುಗಳೇ ಬೆಳ್ಳಗಾದವು. ಅವರ ಈಮಾನನ್ನು ಯಾರು ಪ್ರಶ್ನಿಸಬಲ್ಲರು? ಪ್ರವಾದಿ ಮುಹಮ್ಮದ್(ಸ)ರು ಖದೀಜಾ(ರ)ರನ್ನೂ ಅಬೂತಾಲಿಬರನ್ನೂ ಕಳೆದುಕೊಂಡ ವರ್ಷವನ್ನು ಚರಿತ್ರೆಯು ದುಃಖದ ವರ್ಷವೆಂದೇ ಕರೆದಿದೆ. ಚಿಂತೆ ಮತ್ತು ದುಃಖಗಳಿಂದ ಅವರು ಅಲ್ಲಾಹನ ಅಭಯ ಯಾಚಿಸುತ್ತಿದ್ದರು. ದೇಹದಂತೆ ಮನಸ್ಸಿಗೂ ರೋಗ ಬರುತ್ತದೆ, ಅದಕ್ಕೂ ಚಿಕಿತ್ಸೆ ಬೇಕು ಎಂದು ಸುಮಾರು 1,100 ವರ್ಷಗಳ ಹಿಂದೆಯೇ ಬರೆದವರು ನಮ್ಮವರೇ ಆದ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖಿ.

ನೋವನ್ನು ಎದುರಿಸಲು ಕೆಲವರು ಮದ್ಯದ ಮೊರೆ ಹೋಗುತ್ತಾರೆ, ಕೆಲವರು ಬಾಗಿಲು ಮುಚ್ಚಿಕೊಳ್ಳುತ್ತಾರೆ, ಕೆಲವರು ತಾಯಿತ ಮಾರುವವರಿಗೆ ಹಣ ಸುರಿಯುತ್ತಾರೆ. ಇವು ಗಾಯವನ್ನು ಮುಚ್ಚುತ್ತವೆಯೇ ಹೊರತು ಮಾಯಿಸುವುದಿಲ್ಲ. ನಂಬಿಕಸ್ಥರೊಬ್ಬರಲ್ಲಿ ಮನಬಿಚ್ಚುವುದು, ಆಪ್ತಸಮಾಲೋಚಕರನ್ನು ಕಾಣುವುದು, ಅದೇ ಹಾದಿಯಲ್ಲಿ ನಡೆದು ಗಟ್ಟಿಯಾದವರ ಜೊತೆ ಸೇರುವುದು, ದುಡಿಮೆ ಬಿಡದಿರುವುದು, ನಮಾಝ್‌ನಲ್ಲಿ ನೆಮ್ಮದಿ ಅರಸುವುದು: ಇವು ಎತ್ತಿ ನಿಲ್ಲಿಸುವ ದಾರಿಗಳು. ದುಆ ಮತ್ತು ದವಾ ಪರಸ್ಪರ ವೈರಿಗಳಲ್ಲ. ರಮಝಾನ್‌ನಲ್ಲಿ ಗುಳಿಗೆಯ ಹೊತ್ತನ್ನು ಇಫ್ತಾರ್ ಅಥವಾ ಸಹರಿಗೆ ಹೊಂದಿಸಬಹುದೇ ಎಂದು ವೈದ್ಯರನ್ನೇ ಕೇಳಬೇಕು. ಉಪವಾಸದಿಂದ ಹಾನಿಯಾಗುವ ರೋಗಿಗೆ ಶರೀಅತ್ ವಿನಾಯಿತಿ ನೀಡಿದೆ.

ಮಂಡ್ಯದ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ‘ಮಿಮ್ಸ್’ನಲ್ಲಿ ಎಆರ್‌ಟಿ ಕೇಂದ್ರವಿದೆ. ಎಚ್‌ಐವಿ ಕುರಿತ ಮಾಹಿತಿಗೆ 1097, ಮನಸ್ಸಿನ ಸಂಕಟಕ್ಕೆ 14416 (ಟೆಲಿ ಮನಸ್) ಎಂಬ ಉಚಿತ ದೂರವಾಣಿಗಳಿವೆ. 2017ರ ಎಚ್‌ಐವಿ ಕಾಯ್ದೆಯು 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದಿದೆ. ಉದ್ಯೋಗ, ಶಿಕ್ಷಣ, ಚಿಕಿತ್ಸೆಗಳಲ್ಲಿ ತಾರತಮ್ಯವನ್ನು ಅದು ನಿಷೇಧಿಸುತ್ತದೆ. ಆದರೆ ಕಾನೂನು ಕಾಗದದಲ್ಲಿದ್ದರೆ ಸಾಲದು. ಗುಳಿಗೆ ಎಣಿಸಿಕೊಡುವ ವ್ಯವಸ್ಥೆಯು ಪ್ರತಿ ಭೇಟಿಯಲ್ಲೂ “ಮನಸ್ಸು ಹೇಗಿದೆ?” ಎಂದು ಕೇಳುವಂತಾಗಬೇಕು. ತಾಲೂಕು ಆಸ್ಪತ್ರೆಯಲ್ಲೇ ಮನೋವೈದ್ಯರ ಸೇವೆ ದೊರೆಯುವಂತೆ ನಮ್ಮ ಜನಪ್ರತಿನಿಧಿಗಳನ್ನು ನಾವು ಒತ್ತಾಯಿಸಬೇಕು.

ಅದಕ್ಕೂ ಮುನ್ನ ನಮ್ಮ ಮನೆಯ ಕೆಲಸವಿದೆ. ಖತೀಬರು ವರ್ಷಕ್ಕೊಂದು ಜುಮಾ ಖುತ್ಬಾವನ್ನಾದರೂ ಮನೋರೋಗಿಗಳ ಹಕ್ಕಿಗೆ ಮೀಸಲಿಡಲಿ. ಜಮಾಅತ್ ಕಮಿಟಿಗಳು ಝಕಾತ್‌ಗೆ ಅರ್ಹರಾದ ರೋಗಿಗಳ ಬಸ್ ಖರ್ಚನ್ನು, ಹೆಸರು ಹೊರಬೀಳದಂತೆ, ಭರಿಸಲಿ. ನಿಕಾಹ್‌ಗೆ ಮುನ್ನ ಸೋಂಕಿತರು ಸಂಗಾತಿಯಾಗುವವರಿಗೆ ಸತ್ಯ ತಿಳಿಸಲೇಬೇಕು. ಗೌಪ್ಯವೆಂಬುದು ವಂಚನೆಗೆ ಪರವಾನಗಿಯಲ್ಲ. ಆದರೆ ಉಳಿದ ಊರಿಗೆ ಅದನ್ನು ತಿಳಿಯುವ ಹಕ್ಕಿಲ್ಲ. ರೋಗಿಯ ಸಂದರ್ಶನ ಮುಸ್ಲಿಮನ ಮೇಲಿರುವ ಹಕ್ಕು, ಗೀಬತ್ ಮಹಾಪಾಪ. ಸೋಂಕು ಹೇಗೆ ಬಂತೆಂದು ವಿಚಾರಿಸುವ ಹೊಣೆಯನ್ನು ಅಲ್ಲಾಹನು ನಮಗೆ ವಹಿಸಿಲ್ಲ. ನೊಂದವರ ಬಾಗಿಲಿಗೆ ಹೋಗಿ ಸಲಾಮ್ ಹೇಳುವ ಹೊಣೆಯನ್ನು ವಹಿಸಿದ್ದಾನೆ.